ಹನ್ನೊಂದು ಟಕ್ಕಿಗೆ ಒಂದು ಕೋಲು

ನಮ್ಮ ಮನೆಯ ಶಾವಿಗೆ ಮಷಿನ್ನಿಗೆ ಒಂದು ಚಟ ಇತ್ತು. ಹಿಡಿಕೆ ಒಂದು ಸುತ್ತು ತಿರುಗಿ ಮೇಲಿನಿಂದ ಕೆಳಗಿಳಿಯುವಾಗ ಟಕ್ ಎನ್ನುತ್ತಿತ್ತು. ಶಿವರಾತ್ರಿ ಮುಗಿದು ಬಿಸಿಲು ಚುರುಗುಟ್ಟಲು ಶುರುವಾಯಿತೆಂದರೆ, ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಆ ಟಕ್ ಟಕ್ ಎದ್ದು ಕೂರುತ್ತಿತ್ತು. ಪಕ್ಕದಲ್ಲೇ ಕುಳಿತು ಪರೀಕ್ಷೆಗೆ ಓದುತ್ತಿದ್ದ ನಾನು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಪರೀಕ್ಷೆಯ ಕೋಣೆಯ ನಿಶ್ಶಬ್ದದಲ್ಲಿ ಕುಳಿತಾಗ ಓದಿದ್ದೆಲ್ಲ ಮರೆತುಹೋಗುತ್ತಿತ್ತು. ಕಡಿಮೆ ಅಂಕ ಬಂದಾಗ ಅವ್ವನಿಗೆ ಇದೇ ನೆಪ ಹೇಳಿ ಬೈಸಿಕೊಂಡದ್ದೂ ಉಂಟು.

ಮಷಿನ್ನು ಕರೆಂಟಿನದಲ್ಲ, ಕೈಯದು. ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು, ನಡುವೆ ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಸಣ್ಣ ತೂತುಗಳ ಬಿಲ್ಲೆ, ಪಕ್ಕದಲ್ಲಿ ಚಕ್ರ, ಚಕ್ರಕ್ಕೊಂದು ಹಿಡಿಕೆ. ನಾದಿದ ಹಿಟ್ಟನ್ನು ಕೊಳವೆಗೆ ತುಂಬಿ ಹಿಡಿಕೆ ತಿರುಗಿಸಿದರೆ, ಹಿಟ್ಟು ಒತ್ತಿಕೊಂಡು ಬಿಲ್ಲೆಯ ತೂತುಗಳಿಂದ ಎಳೆಎಳೆಯಾಗಿ ಇಳಿಯುತ್ತದೆ. ತಿರುಗಿಸುವ ಕೆಲಸ ಹಿಟ್ಟು ತಂದ ಹೆಂಗಸರದು. ಅವ್ವನ ಜಾಗ ಕೆಳಗೆ, ಮಣೆಯ ಮೇಲೆ. ಎಡಗೈಯಲ್ಲಿ ಒಂದು ಕೋಲು, ಬಲಗೈಯಲ್ಲಿ ಸಣ್ಣ ಚಾಕು. ಎಳೆಗಳು ಬೇಕಾದಷ್ಟು ಉದ್ದ ಇಳಿದ ಕೂಡಲೇ ನಡುವೆ ಕೋಲು ಕೊಟ್ಟು ಎತ್ತಿಕೊಂಡು, ಬಿಲ್ಲೆಯ ಬುಡಕ್ಕೆ ಚಾಕು ಎಳೆಯುವುದು. ಹಸಿ ಶಾವಿಗೆಯನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಮುಟ್ಟಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮಾಳಿಗೆಯ ಮೇಲೆ ಕೋಲನ್ನು ಒಣಹಾಕಿದಾಗ ಎರಡೂ ಬದಿ ಸಮ ಇಳಿದಿರಬೇಕು. ಉದ್ದವಾದರೆ ತುದಿ ನೆಲಕ್ಕೆ ತಾಗಿ ಮಣ್ಣು ಹಿಡಿಯುತ್ತದೆ, ಗಿಡ್ಡವಾದರೆ ಒಣಗುತ್ತ ಒಣಗುತ್ತ ಜಾರಿ ಬೀಳುತ್ತದೆ.

ಅವ್ವ ಅದನ್ನು ಎಣಿಸಿ ಮಾಡುತ್ತಿದ್ದಳು. ಹನ್ನೊಂದು ಟಕ್ಕಿಗೆ ಒಂದು ಕೋಲು. ಬಾಯಲ್ಲಿ ಮಾತು, ನಗೆ, ಓಣಿಯ ಸುದ್ದಿ ಎಲ್ಲ ನಡೆದಿರುತ್ತಿತ್ತು. ಆದರೆ ಹನ್ನೊಂದನೆಯ ಟಕ್ಕಿಗೆ ಕೈ ತಾನಾಗಿಯೇ ಮೇಲೇಳುತ್ತಿತ್ತು. ಇಟ್ಟಿಗಿ ಎಂಬ ಊರಿನಿಂದ ನಮ್ಮ ಚಿಗವ್ವ ಹಿಟ್ಟಿನ ಬೋಗುಣಿಗೆ ಒದ್ದೆ ಬಟ್ಟೆ ಸುತ್ತಿ ಬಸ್ಸಿನಲ್ಲಿ ಬರುತ್ತಿದ್ದಳು. "ನಮ್ಮೂರಾಗೂ ಮಷಿನ್ ಐತಿ, ಆದ್ರ ಅಲ್ಲಿ ಶಾವಿಗಿ ಒಂದು ಆನೆ ಸೊಂಡ್ಲು, ಒಂದು ಕುರಿ ಬಾಲ" ಎಂದು ನಗುತ್ತಿದ್ದಳು. ಮಾಳಿಗೆ ಹತ್ತಿ ನೋಡಿದರೆ ನಮ್ಮವು ಸಾಲಾಗಿ ಒಂದೇ ಮಟ್ಟಕ್ಕೆ, ಕತ್ತರಿಯಲ್ಲಿ ಸವರಿದಂತೆ ನಿಂತಿರುತ್ತಿದ್ದವು. ಆ ಸಾಲುಗಳ ನಡುವೆ ಮೈ ತಾಗಿಸದೆ ಓಡುವುದು ನಮ್ಮ ಆಟ. ಅರೆ ಒಣಗಿದ ಶಾವಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡರೆ ಬಿಸಿಲಿನ ರುಚಿ ಇರುತ್ತಿತ್ತು. ಆ ರುಚಿಯ ಶಾವಿಗೆಯನ್ನು ಈಗ ಯಾವ ಅಂಗಡಿಯವನೂ ಪ್ಯಾಕೆಟ್ಟಿಗೆ ತುಂಬಿ ಕೊಡಲಾರ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ, ಕೆಲವು ವರ್ಷಗಳ ಹಿಂದೆ ಬೇಸಿಗೆಯ ನಟ್ಟನಡುವೆ ಆ ಟಕ್ ನಿಂತುಹೋಯಿತು. ಅಂದು ಬೆಳಿಗ್ಗೆ ಒಬ್ಬ ಗಟ್ಟಿಮುಟ್ಟಾದ ಹೆಣ್ಣುಮಗಳು ಹಿಡಿಕೆಯ ಮೇಲೆ ಮೈಭಾರ ಹಾಕಿದಳು. ಒಳಗೆ ಏನೋ ಬಿರಿದಂತೆ ಸದ್ದಾಗಿ ಚಕ್ರ ಒಂದು ಕಡೆಗೆ ವಾಲಿಕೊಂಡಿತು. ಬಿಚ್ಚಿ ನೋಡಿದೆ. ಚಕ್ರದ ಶಾಫ್ಟು ಕೂರುವ ಬುಷ್, ಅಂದರೆ ಕೈಬಳೆಗಿಂತ ಚಿಕ್ಕದಾದ, ದಪ್ಪ ಗನ್‌ಮೆಟಲ್ಲಿನ ಉಂಗುರ, ಎರಡು ಹೋಳಾಗಿತ್ತು. ನಾನು ಹುಟ್ಟುವುದಕ್ಕೂ ಮೊದಲಿನಿಂದ ತಿರುಗಿ ತಿರುಗಿ ಅದರ ತೂತು ಒಂದು ಬದಿಗೆ ಸವೆದಿತ್ತು. ಶಾಫ್ಟು ಸುತ್ತಿಗೊಮ್ಮೆ ಆ ಸವೆದ ಕಡೆಗೆ ಬೀಳುವಾಗಲೇ ಟಕ್ ಎನ್ನುತ್ತಿದ್ದದ್ದು ಎಂದು ನನಗೆ ತಿಳಿದದ್ದು ಆಗ, ಐವತ್ತರ ಹತ್ತಿರ ಬಂದ ಮೇಲೆ.

ಸಾಲಾಗಿ ಬೋಗುಣಿ ಇಟ್ಟುಕೊಂಡು ಕುಳಿತ ಹೆಂಗಸರು ಎದ್ದುಹೋದರು. ಅವ್ವ ಮಾತ್ರ ಮಣೆ ಬಿಟ್ಟು ಏಳಲಿಲ್ಲ. "ಇವತ್ತ ರಿಪೇರಿ ಆಗ್ತೈತೇನು?" ಎಂದು ನಾಲ್ಕು ಸಲ ಕೇಳಿದಳು. ಅಪ್ಪ ಹೋದ ಮೇಲೆ ಅವಳಿಗೆ ಇದ್ದದ್ದು ಆ ಮಷಿನ್ನು ಮತ್ತು ಅದರ ಮುಂದಿನ ಹೆಂಗಸರ ಸಂತೆ. ವರ್ಷದ ಎಂಟು ತಿಂಗಳು ಶಾವಿಗೆಯ ಆ ನಾಲ್ಕು ತಿಂಗಳಿಗಾಗಿ ಕಾಯುತ್ತಿದ್ದಳು. ಮಷಿನ್ನು ನಿಂತರೆ ಅವ್ವನೂ ಕೂತುಬಿಡುತ್ತಾಳೆ ಎಂದು ನನ್ನ ಹೆಂಡತಿ ಅಂದೇ ಹೇಳಿದಳು. ಅವಳ ಮಾತು ನನಗೆ ಬೇಗ ತಲೆಗೆ ಹೋಗುವುದಿಲ್ಲ, ಆದರೆ ಅಂದು ಹೋಯಿತು.

ನನ್ನದು ಜೆರಾಕ್ಸ್ ಅಂಗಡಿ. ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ, ಎರಡು ಹೋಳನ್ನು ಕಾಗದದಲ್ಲಿ ಸುತ್ತಿಕೊಂಡು ಊರೆಲ್ಲ ತಿರುಗಿದೆ. ಒಬ್ಬ ಮೊಬೈಲಿನಲ್ಲಿ ಹುಡುಕಿ, ಅಂಥದ್ದೇ ಕಾಣುವ ಹತ್ತಾರು ಬುಷ್ ತೋರಿಸಿದ. ಅಳತೆ ಯಾವುದೂ ಕೂಡಲಿಲ್ಲ. ಇನ್ನೊಬ್ಬ, "ಹಳೇ ಡಬ್ಬಾ ಅದು, ಗುಜರಿಗೆ ಹಾಕಿ ಕರೆಂಟಿಂದ ತಗೊಳ್ರಿ" ಎಂದ. ಮಷಿನ್ನಿನ ಮೇಲೆ ಅಚ್ಚೊತ್ತಿದ್ದ ಕಂಪನಿಯ ಹೆಸರು ಎಂದೋ ಅಳಿಸಿಹೋಗಿತ್ತು. ಕೊನೆಗೆ ಸೈಕಲ್ ಅಂಗಡಿಯ ಮುದುಕರೊಬ್ಬರು, "ಕೊಟ್ಟೂರಿಗೆ ಹೋಗ್ರಿ, ಅಲ್ಲಿ ಲೇತ್ ಮೇಸ್ತ್ರಿ ಒಬ್ಬ ಅದಾನ. ಅವನು ಇಲ್ಲ ಅಂದ್ರ ಅದು ಭೂಮಿ ಮ್ಯಾಲ ಇಲ್ಲ ಅಂತ ತಿಳಕೊಳ್ರಿ" ಎಂದರು.

ಕೊಟ್ಟೂರಿನ ಆ ಮೇಸ್ತ್ರಿ ನನಗಿಂತ ಹತ್ತು ವರ್ಷ ದೊಡ್ಡವರು. ತಗಡಿನ ಶೆಡ್ಡು, ಒಂದೇ ಲೇತು, ಅದರ ಕೆಳಗೆ ಮಿರಮಿರನೆ ಮಿಂಚುವ ಲೋಹದ ಸುರುಳಿಗಳ ರಾಶಿ. ಎತ್ತಿನ ಗಾಡಿಯ ಅಚ್ಚಿನಿಂದ ಹಿಡಿದು ಬೋರ್‌ವೆಲ್ ಪಂಪಿನ ಬಿಡಿಭಾಗದವರೆಗೆ, ಅಂಗಡಿಯಲ್ಲಿ ಸಿಗದ್ದೆಲ್ಲ ಅಲ್ಲಿ ಹುಟ್ಟುತ್ತಿತ್ತು. ಹೋಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿ, "ತೂತು ಕೋಳಿ ಮೊಟ್ಟಿ ಆಗೈತಲ್ರಿ! ಇಷ್ಟು ದಿನ ಹೆಂಗ ತಿರುವಿದ್ರಿ ಇದನ್ನ?" ಎಂದರು. ನಾನು, "ಇದರಂಗ ಇನ್ನೊಂದು ಮಾಡಿಕೊಡ್ರಿ ಮೇಸ್ತ್ರಿ" ಎಂದೆ. "ಇದರಂಗ ಮಾಡಿದ್ರ ನಾ ಯಾಕ ಬೇಕು? ಶಾಫ್ಟ್ ತಗೊಂಡು ಬರ್ರಿ, ಅದಕ್ಕ ಹೊಂದಿಸಿ ಮಾಡ್ತೀನಿ" ಎಂದು ಹೋಳುಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಮರುದಿನ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಮತ್ತೆ ಬಸ್ಸು ಹತ್ತಿದೆ. ಮೇಸ್ತ್ರಿ ಅದನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು ಹೋಗಿ ಮೊದಲು ಅದರ ಮೈ ನಯ ಮಾಡಿದರು. ಆಮೇಲೆ ಗನ್‌ಮೆಟಲ್ಲಿನ ತುಂಡನ್ನು ಲೇತಿಗೆ ಕಟ್ಟಿದರು. ಒಂದು ಸಲ ಕೊರೆಯುವುದು, ನಿಲ್ಲಿಸುವುದು, ಶಾಫ್ಟ್ ತೂರಿಸಿ ನೋಡುವುದು, ಮತ್ತೆ ಕೊರೆಯುವುದು. ಅರ್ಧ ದಿನ ಹಿಡಿಯಿತು. ಕೊನೆಗೆ ಶಾಫ್ಟು ತನ್ನ ಭಾರಕ್ಕೆ ತಾನೇ ಬೆಣ್ಣೆಯಲ್ಲಿ ಇಳಿದಂತೆ ಬುಷ್ಷಿನೊಳಗೆ ಇಳಿಯಿತು. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. "ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕ ಬರ್ರಿ" ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. ಮನುಷ್ಯನ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ನನ್ನ ಅಂಗಡಿಯ ಕನ್ನಡಿಯಲ್ಲಿ ಎಂದೂ ಕಂಡಿಲ್ಲ.

ಬುಷ್ಷನ್ನು ಮನೆಗೆ ತಂದು ಅವ್ವನ ಕೈಗಿಟ್ಟೆ. ಅವಳು ಅದನ್ನು ಹೆಬ್ಬೆರಳಿನಿಂದ ಒಳಗೂ ಹೊರಗೂ ಬಹಳ ಹೊತ್ತು ಸವರಿದಳು. ವಿಭೂತಿ ಹಚ್ಚಿ ಕೈಮುಗಿದಳು. ಜೋಡಿಸಿದ ಮೇಲೆ ನಾನೇ ಹಿಡಿಕೆ ತಿರುಗಿಸಿ ತೋರಿಸಿದೆ. ಗಾಳಿ ತಿರುಗಿದ ಹಾಗೆ, ಒಂದಿಷ್ಟೂ ಸದ್ದಿಲ್ಲ. ನಾನು ಬೀಗುತ್ತ ನಿಂತಿದ್ದೆ. ಅವ್ವ ಕಿವಿ ಕೊಟ್ಟು, "ಸುತ್ತತೈತೇನು?" ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ನಕ್ಕೆ.

ಮಾರನೆಯ ಬೆಳಿಗ್ಗೆ ಹೆಂಗಸರು ಬಂದರು. ಮೊದಲ ಸಲ ಎಳೆಗಳು ಇಳಿಯುತ್ತಲೇ ಹೋದವು. ಅವ್ವನ ಕೈ ಏಳಲಿಲ್ಲ. ಶಾವಿಗೆ ನೆಲಕ್ಕೆ ಬಿದ್ದು ಸುರುಳಿ ಸುತ್ತಿಕೊಂಡಿತು. ಎರಡನೆಯ ಸಲ ಅವಸರದಿಂದ ಗೇಣುದ್ದಕ್ಕೇ ಕತ್ತರಿಸಿದಳು. ಮೂರನೆಯದು ಮತ್ತೆ ನೆಲಕ್ಕೆ. ಹಿಟ್ಟು ತಂದವಳು ಕೆಟ್ಟ ಮನಸ್ಸಿನವಳಲ್ಲ, ಸುಮ್ಮನೆ, "ಯಾಕ ಯವ್ವಾ, ಲಕ್ಷ್ಯ ಎಲ್ಲೈತಿ?" ಎಂದಳು. ಅವ್ವ ಚಾಕು ಕೆಳಗಿಟ್ಟಳು. "ಮಷಿನ್ ಸರಿ ಇಲ್ಲ. ಬಸ್ ಸ್ಟ್ಯಾಂಡ್ ಕಡೆ ಕರೆಂಟಿಂದು ಐತಿ, ಅಲ್ಲಿಗೆ ಹೋಗ್ರಿ" ಎಂದಳು. ತನ್ನ ಮುಂದೆ ಕುಳಿತವರನ್ನು ಅವಳು ಬೇರೆಯವರ ಬಾಗಿಲಿಗೆ ಕಳಿಸಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಅಂಗಡಿ ಮುಚ್ಚಿ, ಗೋಣಿಚೀಲ ಹೊತ್ತು ತಿರುಗಿ, ಹೊಸದಕ್ಕಿಂತ ಹೊಸದಾಗಿ ಮಾಡಿಸಿ ತಂದರೆ ಸರಿ ಇಲ್ಲವಂತೆ. ನನ್ನ ಕಸುಬಿನಲ್ಲಿ ಅಸಲಿಗಿಂತ ನಕಲು ಚೆನ್ನಾಗಿ ಬಂದರೆ ಗಿರಾಕಿ ಖುಷಿಪಡುತ್ತಾನೆ.

"ಏನು ಸರಿ ಇಲ್ಲ?" ಎಂದು ಕೇಳಿದೆ.

"ಟಕ್ ಅನ್ನವಲ್ದು" ಎಂದಳು.

"ಟಕ್ ಅನ್ನದಿದ್ರ ಏನಾತು? ಕಣ್ಣು ಇಲ್ಲೇನು ನಿನಗ? ನೋಡಿ ಕೊಯ್ಯಿ!" ಎಂದೆ.

ಅವ್ವ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಆ ಮಾತನ್ನು ನಾನು ಆಡಿದ್ದೇನೆ. ಇಂದಿಗೂ ಶಾವಿಗೆ ಮಷಿನ್ನಿನ ಮುಂದೆ ಹಾದು ಹೋಗುವಾಗ ಅದು ನನ್ನ ಕಿವಿಯಲ್ಲಿ ಕೇಳುತ್ತದೆ.

ಆಮೇಲೆ ಐದಾರು ದಿನ ಅವ್ವ ಪಡಸಾಲೆಗೆ ಬರಲಿಲ್ಲ. ಊಟ ಅರ್ಧ ರೊಟ್ಟಿಗೆ ಇಳಿಯಿತು. ಮಷಿನ್ನಿನ ಮೇಲೆ ಸೀರೆ ಹೊದಿಸಿದಳು. ಕೇಳಿದರೆ ಒಂದೇ ಮಾತು: "ಹಳೇದ ತಂದು ಹಾಕು." ನಾನು ಹಠ ಎಂದುಕೊಂಡೆ. ಅವಳು ಅಕ್ಕಿ ಆರಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅದನ್ನು ಅತ್ತೆಗಿರಿ ಎಂದು ನಾವು ಗಂಡ ಹೆಂಡತಿ ಒಳಗೊಳಗೇ ನಕ್ಕಿದ್ದೆವು. ಸೋಮವಾರ ಗುಡಿಗೆ ಒಬ್ಬಳೇ ಹೋಗುತ್ತಿದ್ದವಳು ಮೊಮ್ಮಗಳ ಕೈ ಹಿಡಿದೇ ಹೋಗುತ್ತಿದ್ದಳು. ಅದನ್ನು ಮುದ್ದು ಎಂದುಕೊಂಡಿದ್ದೆವು. ಬಾಗಿಲಲ್ಲಿ ಯಾರೇ ನಿಂತರೂ ಅವರು ಮಾತಾಡುವ ತನಕ ಸುಮ್ಮನಿದ್ದು, ಆಮೇಲೆ ಹೆಸರು ಹಿಡಿದು ಕರೆಯುತ್ತಿದ್ದಳು. ಅದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದೆವು. ಎದುರಿಗೇ ಇದ್ದದ್ದು ಕಾಣದೆ ಹೋದದ್ದು ನಮಗೆ.

ಹಳೆಯ ಹೋಳುಗಳನ್ನಾದರೂ ಬೆಸೆದು ತರೋಣವೆಂದು ಮೂರನೆಯ ಸಲ ಕೊಟ್ಟೂರಿಗೆ ಹೋದೆ. ಮೇಸ್ತ್ರಿಗೆ ಬಹಳ ನೋವಾಯಿತು. "ನನ್ನ ಕೆಲಸದಾಗ ಏನು ತಪ್ಪೈತಿ ಹೇಳ್ರಿ" ಎಂದರು. ತಪ್ಪೇನೂ ಇಲ್ಲ, ಅವ್ವನಿಗೆ ಸದ್ದು ಬೇಕಂತೆ ಎಂದೆ. "ಹಳೇದು ಕರಗಿಸಾಕ ಹೋತು" ಎಂದರು. ಆಮೇಲೆ ಅಂಗಿ ಹಾಕಿಕೊಂಡು, ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡರು. "ನಡೀರಿ, ನಾನ ಬಂದು ನೋಡ್ತೀನಿ. ನನ್ನ ಮಾಲು ಬ್ಯಾಡ ಅಂದವ್ರು ಇದುವರೆಗೆ ಯಾರೂ ಇಲ್ಲ" ಎಂದರು.

ಮೇಸ್ತ್ರಿ ಬಂದು ಸೀರೆ ಸರಿಸಿ ಮಷಿನ್ನನ್ನು ನೋಡಿದರು. ಹಿಡಿಕೆ ತಿರುಗಿಸಿದರು. ಶಾಫ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಮತ್ತೆ ತಿರುಗಿಸಿದರು. ತಪ್ಪು ಸಿಗಲಿಲ್ಲ. "ಅಕ್ಕಾರ, ಒಂದ್ಸಲ ಕುಂಡ್ರಿ. ನಾ ತಿರುವತೀನಿ, ನೀವು ತೆಗೀರಿ" ಎಂದರು. ಹೊರಗಿನವರ ಮುಂದೆ ಇಲ್ಲ ಎನ್ನಲಾಗದೆ ಅವ್ವ ಮಣೆಯ ಮೇಲೆ ಕುಳಿತಳು. ಹೆಂಡತಿ ಸ್ವಲ್ಪ ಹಿಟ್ಟು ನಾದಿ ತಂದಳು. ಮೇಸ್ತ್ರಿ ತಿರುಗಿಸುತ್ತಿದ್ದರು, ಆದರೆ ಅವರು ನೋಡುತ್ತಿದ್ದದ್ದು ಮಷಿನ್ನನ್ನಲ್ಲ, ಅವ್ವನ ಕೈಯನ್ನು. ಶಾವಿಗೆ ಇಳಿದು ಇಳಿದು ನೆಲ ಮುಟ್ಟಿತು. ಅವ್ವನ ಕೈಯಲ್ಲಿ ಕೋಲು ಹಾಗೇ ನಿಂತಿತ್ತು. ಮುಖ ಅತ್ತ ಇತ್ತ ತಿರುಗದೆ, ಯಾರೋ ಕರೆಯುವುದನ್ನು ಕಾಯುವವರ ಹಾಗೆ ಕಿವಿ ಮುಂದೆ ಮಾಡಿ ಕುಳಿತಿದ್ದಳು.

ಮೇಸ್ತ್ರಿ ತಿರುಗಿಸುವುದನ್ನು ನಿಲ್ಲಿಸಿದರು. ಪೆಟ್ಟಿಗೆಯಿಂದ ಅಡಿಕೆಯ ಚೀಲ ತೆಗೆದು, ಸದ್ದು ಮಾಡದೆ ಅವ್ವನ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮೇಸ್ತ್ರಿ ಚೀಲವನ್ನು ಮತ್ತೆ ಪೆಟ್ಟಿಗೆಗೆ ಹಾಕಿ, "ಸಾಕ್ರಿ ಅಕ್ಕಾರ, ಏಳ್ರಿ. ತಪ್ಪು ನಂದ ಐತಿ, ನಾ ಸರಿ ಮಾಡಿ ಕಳಸ್ತೀನಿ" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಅವರನ್ನು ಬಸ್ಸಿಗೆ ಬಿಡಲು ಹೊರಟಾಗ ಓಣಿಯ ತಿರುವಿನಲ್ಲಿ ನಿಂತು ಹೇಳಿದರು: "ನಿಮ್ಮವ್ವಗ ಕಣ್ಣು ಕಾಣಂಗಿಲ್ಲ."

"ಏನು ಮಾತಾಡ್ತೀರಿ ಮೇಸ್ತ್ರಿ" ಎಂದೆ.

"ನಾನೂ ಕಣ್ಣಾಗ ನೋಡಿ ಲೇತ್ ನಡಸಂಗಿಲ್ರಿ. ಟೂಲ್ ಮೊಂಡ ಆತಂದ್ರ ಕಿವಿಗೆ ಮೊದಲು ಗೊತ್ತಾಗ್ತೈತಿ. ನಿಮ್ಮವ್ವ ಎಷ್ಟು ವರ್ಸದಿಂದ ಹಂಗ ಮಾಡ್ಯಾಳೋ ಏನೋ. ಆ ಟಕ್ ಇತ್ತು, ನಡೀತು. ನಾ ಚಲೋ ಕೆಲಸ ಮಾಡ್ತೀನಿ ಅಂತ ಅದನ್ನ ತೆಗದುಬಿಟ್ಟೆ" ಎಂದರು.

ಅಕ್ಕಿ, ಗುಡಿ, ಬಾಗಿಲು, ಗೋಡೆ ಹಿಡಿದು ಒಳಗೆ ಹೋದದ್ದು, ಎಲ್ಲ ಒಮ್ಮೆಲೇ ನನ್ನ ಮುಂದೆ ಬಂದು ನಿಂತವು. ನಾನು ಆಡಿದ ಮಾತೂ ಬಂತು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತೆ. ಬಸ್ಸು ಹೋದರೆ ಹೋಗಲಿ ಎಂದು ಮೇಸ್ತ್ರಿ ಪಕ್ಕದಲ್ಲಿ ಕುಳಿತರು. ಕಣ್ಣೊರೆಸಿಕೊಂಡು ನಾನು ಕೇಳಿದ್ದು ಒಂದೇ: "ಟಕ್ ಅನ್ನೋ ಬುಷ್ ಮಾಡಿಕೊಡ್ರಿ. ನಮಗ ಗೊತ್ತಾಗೈತಿ ಅಂತ ಅಕಿಗೆ ಗೊತ್ತಾಗಬಾರದು." ಇಷ್ಟು ಜತನದಿಂದ ಮುಚ್ಚಿಟ್ಟುಕೊಂಡದ್ದನ್ನು ನಾವು ಬಯಲಿಗೆಳೆದರೆ ಅವಳು ಇನ್ನೆಂದೂ ಮಣೆಯ ಮೇಲೆ ಕೂರುವುದಿಲ್ಲ ಎಂದು ನನಗೆ ಹೆದರಿಕೆ.

"ನಲವತ್ತು ವರ್ಸ ಲೂಸ್ ಮಾಲು ನನ್ನ ಕೈಯಿಂದ ಹೊರಗ ಹೋಗಿಲ್ಲ" ಎಂದರು ಮೇಸ್ತ್ರಿ. ಬಸ್ಸು ಹತ್ತುವ ಮೊದಲು, "ಶಾಫ್ಟ್ ಬಿಚ್ಚಿಕೊಂಡು ನಾಳಿ ಬರ್ರಿ" ಎಂದರು.

ನಾಲ್ಕನೆಯ ಸಲ ಅವರ ಶೆಡ್ಡಿಗೆ ಹೋದ ದಿನ ನನ್ನ ಬದುಕಿನಲ್ಲೇ ವಿಚಿತ್ರವಾದದ್ದು. ಸರಿಯಾದ ಬುಷ್ಷಿಗೆ ಅಳತೆ ಇರುತ್ತದೆ, ಸವೆದದ್ದಕ್ಕೆ ಏನು ಅಳತೆ? "ಎಷ್ಟು ಆಟ ಕೊಡ್ಲಿ, ಅಂದ್ರ ಎಷ್ಟು ಸಡಿಲ ಬಿಡ್ಲಿ? ಸದ್ದು ಹೆಂಗಿತ್ತು?" ಎಂದು ಮೇಸ್ತ್ರಿ ಕೇಳಿದರು. ಮೊಬೈಲು ತೆಗೆದೆ. ಸಾವಿರಾರು ಫೋಟೋ, ನೂರಾರು ವಿಡಿಯೋ. ಮಗಳು ಪಡಸಾಲೆಯಲ್ಲಿ ಕುಣಿದದ್ದೊಂದು ಸಿಕ್ಕಿತು. ಹಿಂದೆ ಅವ್ವ ಮಣೆಯ ಮೇಲೆ ಕುಳಿತಿದ್ದಾಳೆ, ಮಷಿನ್ನು ತಿರುಗುತ್ತಿದೆ. ಆದರೆ ಹಾಡಿನ ಅಬ್ಬರದಲ್ಲಿ ಒಂದು ಟಕ್ಕೂ ಕೇಳುವುದಿಲ್ಲ. ಅಷ್ಟು ವರ್ಷ ಮನೆಯಲ್ಲಿದ್ದ ಸದ್ದನ್ನು ನಾವು ಯಾರೂ ಹಿಡಿದಿಟ್ಟಿರಲಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆವು.

ಅಳತೆ ಕೊಡಲು ನನ್ನ ಬಳಿ ಉಳಿದದ್ದು ನೆನಪೊಂದೇ. ಕಣ್ಣು ಮುಚ್ಚಿಕೊಂಡೆ. ಹತ್ತನೆಯ ವಯಸ್ಸಿನ ಬೆಳಗು ಬಂತು. ಚಾಪೆ, ಗಣಿತದ ಪುಸ್ತಕ, ನಾದಿದ ಹಿಟ್ಟಿನ ವಾಸನೆ, ಅವ್ವನ ಬಳೆಗಳು. ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. "ಹಿಂಗೇನು?" ಎಂದು ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಬಡಿದರು. "ಅಷ್ಟು ಗಟ್ಟಿ ಅಲ್ರಿ. ಒಳಗಿಂದ ಬಂದಂಗ ಇರ್ತಿತ್ತು" ಎಂದೆ. ಅವರು ಕೊರೆದು, ಶಾಫ್ಟ್ ತೂರಿಸಿ ತಿರುಗಿಸಿದರು. ಸದ್ದಿಲ್ಲ. ಇನ್ನೊಂದು ಕೂದಲೆಳೆಯಷ್ಟು ಕೊರೆದರು. ಕಿಸಕ್ ಎಂದಿತು. "ಅಲ್ಲ" ಎಂದೆ. ಒಂದು ಬದಿಗೆ ಮಾತ್ರ ಅರದಿಂದ ಉಜ್ಜಿದರು. ಇಬ್ಬರು ತಲೆ ನರೆತ ಗಂಡಸರು ತಗಡಿನ ಕೆಳಗೆ ಬೆವರು ಸುರಿಸುತ್ತ, ಟಕ್, ಅಲ್ಲ, ಟಕ್, ಅಲ್ಲ ಎಂದು ಮಧ್ಯಾಹ್ನದವರೆಗೆ ಕುಳಿತಿದ್ದೆವು. ಹೊರಗಿನಿಂದ ನೋಡಿದವರು ನಮ್ಮ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎರಡು ಗಂಟೆಯ ಹೊತ್ತಿಗೆ ಅದು ಬಂತು. ಅದೇ. ನನ್ನ ಮೈ ಜುಮ್ಮೆಂದಿತು. ನಾನು ಏನೂ ಹೇಳುವ ಮೊದಲೇ ಮೇಸ್ತ್ರಿ ನನ್ನ ಮುಖ ನೋಡಿ ಅರ ಕೆಳಗಿಟ್ಟರು.

ಅಂದು ಸಂಜೆಯ ಬಸ್ಸಿನಲ್ಲಿ ನಾನು ಚಿಕ್ಕ ಹುಡುಗನಷ್ಟು ಹಗುರಾಗಿದ್ದೆ. ಹೊಸ ಬುಷ್ಷನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೇಲಿಂದ ಮೇಲೆ ಮುಟ್ಟಿ ನೋಡುತ್ತಿದ್ದೆ. ನಾಳೆ ಬೆಳಿಗ್ಗೆ ಮತ್ತೆ ಹೆಂಗಸರು ಬರುತ್ತಾರೆ, ಮಾಳಿಗೆಯ ಮೇಲೆ ಕೋಲುಗಳು ಒಂದೇ ಮಟ್ಟಕ್ಕೆ ನಿಲ್ಲುತ್ತವೆ, ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡಿದ್ದೆ.

"ಅವ್ವಾ, ಮೇಸ್ತ್ರಿ ತಮ್ಮ ತಪ್ಪು ಒಪ್ಪಿಕೊಂಡ್ರು. ಬ್ಯಾರೇದು ಮಾಡಿಕೊಟ್ಟಾರ ನೋಡು" ಎಂದು ಅವಳ ಕೈಗೆ ಕೊಟ್ಟೆ.

ಅವ್ವ ಎಂದಿನಂತೆ ಹೆಬ್ಬೆರಳನ್ನು ಒಳಗೆ ಆಡಿಸಿದಳು. ಒಂದು ಸುತ್ತು, ಎರಡು ಸುತ್ತು. ಅರ ಉಜ್ಜಿದ ಕಡೆಗೆ ಬಂದಾಗ ಬೆರಳು ನಿಂತಿತು. ಅಲ್ಲೇ ಹಿಂದೆ ಮುಂದೆ ಸವರಿದಳು. ಹೆಂಡತಿ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು.

"ಇದನ್ನ ಬೇಕಂತ ಕೆಡಿಸ್ಯಾರ" ಎಂದಳು ಅವ್ವ.

ನಾನು ಏನೋ ಹೇಳಲು ಶುರು ಮಾಡಿದೆ. ಅವಳು ಕೈಯೆತ್ತಿ ತಡೆದಳು. "ನನ್ನ ಕಣ್ಣು ಹೋದುವು ಅಂತ ಚಲೋ ಮಷಿನ್ ಯಾಕ ಕೆಡಸ್ತೀರಿ? ಇದನ್ನ ಹಾಕಿದ್ರ ನಾಕು ವರ್ಸಕ್ಕ ಶಾಫ್ಟೂ ಹೋಗ್ತೈತಿ, ಚಕ್ರನೂ ಹೋಗ್ತೈತಿ. ನನ್ನ ಹಿಂದ ನಿನ್ನ ಹೆಣ್ತಿ ಕುಂಡ್ರಬ್ಯಾಡೇನು ಇದರ ಮುಂದ? ಮೊದಲು ತಂದಿದ್ದ ಚಲೋದನ್ನ ಹಾಕು" ಎಂದಳು. ಕಣ್ಣು ಹೋಗಿದೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ಅವಳ ಮುಖ ನನ್ನ ಕಡೆಗಿತ್ತು, ಆದರೆ ನೋಟ ನನ್ನ ಭುಜದ ಪಕ್ಕದಲ್ಲಿ ಎಲ್ಲೋ ಇತ್ತು. ನನ್ನ ಹೆಂಡತಿ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ನನಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

"ಮತ್ತ ನೀ ಹೆಂಗ ಕೊಯ್ತಿ ಅತ್ತಿ?" ಎಂದು ಹೆಂಡತಿ ಕೇಳಿದಳು.

"ತಿರುವಾವ್ರು ಬಾಯಿಲೆ ಎಣಿಸಿದ್ರಾತು. ಇನ್ನ ಮುಚ್ಚಿಡಾದು ಏನೈತಿ?" ಎಂದಳು ಅವ್ವ.

ಅಷ್ಟೇ ಆಗಿತ್ತು ಪರಿಹಾರ. ನಾಲ್ಕು ಸಲ ಕೊಟ್ಟೂರಿಗೆ ಓಡಾಡಿ, ಒಬ್ಬ ನಿಯತ್ತಿನ ಮನುಷ್ಯನ ಕೈಯಿಂದ ಕೆಟ್ಟ ಕೆಲಸ ಮಾಡಿಸಿದ್ದೆ. ಬೇಕಾದದ್ದು ಒಬ್ಬರು ಒಂದರಿಂದ ಹನ್ನೊಂದರವರೆಗೆ ಬಾಯಿಬಿಟ್ಟು ಹೇಳುವುದು. ಮರುದಿನ ಸರಿಯಾದ ಬುಷ್ ಮತ್ತೆ ಕೂತಿತು. ಹೆಂಗಸರು ಹಿಡಿಕೆ ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದರು. ಮೊದಲು ನಾಚಿಕೆ, ಆಮೇಲೆ ನಗೆ, ಆಮೇಲೆ ರಾಗ. ಹನ್ನೊಂದು ಎಂದ ಕೂಡಲೇ ಅವ್ವನ ಕೈ ಎದ್ದಿತು. ಶಾವಿಗೆ ಹಳೆಯ ಉದ್ದಕ್ಕೇ ಬಂತು. ಮೇಸ್ತ್ರಿಗೆ ಫೋನು ಮಾಡಿ ಆ ಎಣಿಕೆಯನ್ನೇ ಕೇಳಿಸಿದೆ. "ಆ ಕೆಟ್ಟದ್ದನ್ನ ವಾಪಸ್ ತಗೊಂಬರ್ರಿ. ನನ್ನ ಕೈಯಿಂದ ಅಂಥಾದ್ದು ಒಂದು ಆಗಿತ್ತು ಅಂತ ಇರಬಾರದು, ಕರಗಿಸ್ತೀನಿ" ಎಂದರು. ಕೊಟ್ಟು ಬಂದೆ.

ಆ ವಾರವೇ ಅವ್ವನನ್ನು ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಇರಬಹುದು, ತೆಗೆದರೆ ಸರಿಹೋಗುತ್ತದೆ ಎಂಬ ಆಸೆ ಇತ್ತು. ಡಾಕ್ಟರು ಒಳ್ಳೆಯ ಹೆಣ್ಣುಮಗಳು, ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ಪೊರೆಯಲ್ಲ, ಒಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ. ಹೋದ ನೋಟ ಬರುವುದಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಹನಿ ಹಾಕಿ ಇದ್ದಷ್ಟನ್ನಾದರೂ ಉಳಿಸಬಹುದಿತ್ತು. ನಾನು ಆ ಕಾರಿಡಾರಿನಲ್ಲಿ ನಿಂತು ಲೆಕ್ಕ ಹಾಕಿದೆ. ಆ ಬುಷ್ ಎರಡು ವರ್ಷ ಮೊದಲೇ ಒಡೆದಿದ್ದರೆ ಅವ್ವನಿಗೆ ಇಂದು ಸ್ವಲ್ಪವಾದರೂ ಕಾಣುತ್ತಿತ್ತು. ಬಾಲ್ಯವೆಂದರೆ ನನಗೆ ಆ ಟಕ್ಕೇ. ಅದನ್ನು ಅಷ್ಟು ಪ್ರೀತಿಸಿದ್ದೆ, ಕಣ್ಣು ಮುಚ್ಚಿ ಅದನ್ನು ಮತ್ತೆ ಮಾಡಿಸಿದ್ದೆ. ಅವ್ವನ ಕತ್ತಲನ್ನು ಎರಡು ವರ್ಷ ನನ್ನಿಂದ ಮರೆಮಾಡಿದ್ದೂ ಅದೇ.

ವಾಪಸ್ ಬರುವ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಕೂರಿಸಿದ ಮೇಲೆ, ಯಾಕೆ ಕಿಟಕಿ ಎಂದು ನನಗೇ ಅನ್ನಿಸಿತು. ಬಸ್ಸು ಹರಪನಹಳ್ಳಿ ದಾಟಿತು. ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದೆ.

"ಯಾಕ ಹೇಳಲಿಲ್ಲವ್ವಾ? ಎರಡು ವರ್ಸ, ಒಂದು ಮಾತು ಹೇಳಬಾರದಿತ್ತೇನು?"

ಅವ್ವ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. "ಹೇಳಿದ್ರ ಮಷಿನ್ ಮುಂದ ಕುಂಡ್ರಾಕ ಬಿಡ್ತಿದ್ದೇನು?" ಎಂದು ಕೇಳಿದಳು.

ಬಿಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಕೈಯಲ್ಲಿ ಚಾಕು ಇರುತ್ತಿತ್ತಲ್ಲ. ಮೊದಲ ದಿನವೇ ಕಸಿದುಕೊಂಡು, ಒಂದು ಮೂಲೆಯಲ್ಲಿ ಕುರ್ಚಿ ಹಾಕಿ, ಇಲ್ಲೇ ಕೂತಿರು, ಅಲ್ಲಾಡಬೇಡ ಎನ್ನುತ್ತಿದ್ದೆ.

"ಇಲ್ಲವ್ವ, ಬಿಡ್ತಿರಲಿಲ್ಲ" ಎಂದೆ.

"ಮತ್ತ?" ಎಂದಳು ಅವ್ವ.